ಕಾಯಕದ ಫಲ ಯಾರ ಕಣಜಕ್ಕೆ?

ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಚರ್ಮ ಹದಮಾಡಿ, ಬಡಿದು, ಕೊಯ್ದು, ಮೊಳೆ ಇಲ್ಲದೆ ಚರ್ಮದ ದಾರದಿಂದಲೇ ಹೊಲಿಯುವವರು ನಮ್ಮ ಅಥಣಿ, ನಿಪ್ಪಾಣಿ ಸೀಮೆಯ ಬಂಧುಗಳು. ಹೆಸರು ಮಾತ್ರ ಕೊಲ್ಹಾಪುರಿ. ಪೇಟೆ ಎಲ್ಲಿತ್ತೋ ಹೆಸರು ಅಲ್ಲಿಯದಾಯಿತು.

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಇದೇ ಮಾದರಿಯ ಚಪ್ಪಲಿಯನ್ನು ಮಿಲಾನ್ ನಗರದಲ್ಲಿ ಮೆರೆಸಿತು. ಮೂಲ ಯಾರದೆಂದು ಮೊದಲು ಹೇಳಲಿಲ್ಲ. ಗದ್ದಲವಾದ ಮೇಲೆ ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ಕರ್ನಾಟಕ, ಮಹಾರಾಷ್ಟ್ರಗಳ ಚರ್ಮೋದ್ಯಮ ನಿಗಮಗಳೊಡನೆ ಒಪ್ಪಂದ ಮಾಡಿಕೊಂಡು, ಇಲ್ಲಿಯೇ 2,000 ಜೋಡು ಮಾಡಿಸುವುದಾಗಿ ಸಾರಿತು. ಜೋಡಿಗೆ ಸುಮಾರು 800 ಯೂರೊ, ಎಂಬತ್ತು ಸಾವಿರ ರೂಪಾಯಿಗೂ ಮೇಲೆ! ನಮ್ಮ ಪೇಟೆಯಲ್ಲಿ ಸಾದಾ ಜೋಡು ನೂರುಗಳ ಲೆಕ್ಕದಲ್ಲೇ ಮಾರುತ್ತದೆ. ಕೈ ಅದೇ, ಹೊಲಿಗೆ ಅದೇ. ನಡುವಿನ ಹಣ ಹೆಸರು, ಅಂಗಡಿ, ಬಂಡವಾಳ ಯಾರವೋ ಅವರದು.

ನಿಪ್ಪಾಣಿಯಲ್ಲಿ ಬೀಡಿ ಸುತ್ತುವ ತಾಯಂದಿರಿಗೂ ಇದೇ ಗತಿ. ಎಲೆ, ತಂಬಾಕು ಧಣಿಯವು. ಇವರಿಗೆ ಸಾವಿರಕ್ಕೆ ಇಷ್ಟೆಂದು ಕೂಲಿ. ಕಾಗವಾಡ, ರಾಯಬಾಗದ ಕಬ್ಬು ಕಡಿಯುವ ಗ್ಯಾಂಗಿನವರದು ಟನ್ನಿನ ಲೆಕ್ಕ.

ಬಂಡವಾಳ ಹಾಕಿದವನು ನಷ್ಟವನ್ನೂ ಹೊರುತ್ತಾನಲ್ಲ ಎನ್ನುವವರಿದ್ದಾರೆ. ಮಾತು ಸುಳ್ಳಲ್ಲ. ಆದರೆ ಮಳೆಗಾಲದಲ್ಲಿ ಚರ್ಮ ಒಣಗದೆ ಕೆಲಸ ನಿಂತಾಗ ಒಲೆ ಆರುವುದು ಯಾರ ಮನೆಯಲ್ಲಿ?

ಆಯ್ದಕ್ಕಿ ಮಾರಯ್ಯ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಮರಳಿ ಕಳಿಸಿದ ಕಥೆಯನ್ನು ನಮ್ಮವರು ಬಡವರ ಮುಂದೆಯೇ ಹೇಳುತ್ತಾರೆ: ಆಸೆ ಬೇಡ, ಕೊಟ್ಟಷ್ಟು ಸಾಕು ಎಂದು. ಇದು ಆ ಶರಣೆಗೆ ಮಾಡುವ ಅಪಚಾರವೆಂದೇ ನಾವು ತಿಳಿಯುತ್ತೇವೆ. ಬೇಕಾದುದಕ್ಕಿಂತ ಹೆಚ್ಚು ಮನೆಗೆ ತಂದವರಿಗೆ ಆಡಿದ ಮಾತದು. ಅದನ್ನು ಮೊದಲು ಗೋದಾಮು ಉಳ್ಳವರು ಕೇಳಬೇಕು. ದುಡಿದವನ ಪಾಲನ್ನು ಹಿಡಿದಿಟ್ಟು ಜಾತ್ರೆಯಲ್ಲಿ ಅನ್ನಸಂತರ್ಪಣೆ ಮಾಡಿದರೆ ಅದು ದಾಸೋಹವಾಗದು. ಮಠಕ್ಕೆ ಬಂದ ಕಾಣಿಕೆಯಾದರೂ ಸರಿಯೇ.

ದಾರಿ ಇಲ್ಲದಿಲ್ಲ. 1990ರ ದಶಕದ ಕೊನೆಗೆ ಅಥಣಿಯ ಹೆಣ್ಣುಮಕ್ಕಳು ಸ್ವಸಹಾಯ ಸಂಘ ಕಟ್ಟಿಕೊಂಡು, ಟೋಹೋಲ್ಡ್ ಎಂಬ ಹೆಸರಿನಲ್ಲಿ ಹೊರದೇಶಗಳಿಗೂ ಚಪ್ಪಲಿ ಕಳಿಸಿದರು. ಹೊಲಿಯುವವರೇ ವ್ಯಾಪಾರದ ಲೆಕ್ಕವನ್ನೂ ಹಿಡಿದರು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ದೊರೆತ ಭೌಗೋಳಿಕ ಸೂಚಕ ಮಾನ್ಯತೆಯಲ್ಲಿ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಸೇರಿವೆ. ಹೆಸರಿನ ಹಕ್ಕು ನಿಗಮಗಳ ಕೈಯಲ್ಲಿದೆ. ಹೊಲಿದ ಕೈಗೆ ಜೋಡಿಗೆ ಎಷ್ಟು ಮುಟ್ಟುತ್ತದೆಂಬುದನ್ನು ಊರ ಹಿರಿಯರು ಅಲ್ಲಿಗೇ ಹೋಗಿ ಕೇಳಲಿ.