ಸಾಲುಗಂಬದ ನಡುಗಡ್ಡೆ

ಹಿರೇಕೆರೂರು, ಶಿಗ್ಗಾವಿ ಕಡೆಯ ಶಾಲಾಮಕ್ಕಳು ಪ್ರವಾಸಕ್ಕೆಂದು ಉಡುಪಿಗೆ ಹೋದರೆ ಕೃಷ್ಣ ಮಠ ನೋಡಿ, ಮಲ್ಪೆಯ ಅಲೆಗಳಲ್ಲಿ ಕಾಲು ನೆನೆಸಿ ಬಸ್ಸು ಹತ್ತುವುದೇ ಹೆಚ್ಚು. ಮಲ್ಪೆಯಿಂದ ದೋಣಿ ಹತ್ತಿದರೆ ಸೇಂಟ್ ಮೇರೀಸ್ ನಡುಗಡ್ಡೆ ಸಿಗುತ್ತದೆ. ತೆಂಗಿನ ಮರಗಳಿವೆ, ಚಿಪ್ಪುಗಳ ದಂಡೆಯಿದೆ. ಆದರೆ ಅಲ್ಲಿ ನೋಡಬೇಕಾದದ್ದು ಕಲ್ಲು. ಯಾರೋ ಉಳಿ ಹಿಡಿದು ಕೆತ್ತಿ ನಿಲ್ಲಿಸಿದಂಥ ಐದು, ಆರು, ಏಳು ಮೂಲೆಯ ಕಂಬಗಳು!

ಕೆತ್ತಿದವರು ಯಾರೂ ಇಲ್ಲ. ಬೇಸಿಗೆಯಲ್ಲಿ ಹಾನಗಲ್ಲ ಸೀಮೆಯ ಕೆರೆ ಬತ್ತಿದಾಗ ಕೆಸರು ಒಣಗಿ, ಕುಗ್ಗಿ, ಬಿರುಕು ಬಿಡುತ್ತದಲ್ಲ? ಇಲ್ಲಿಯೂ ಹಾಗೆಯೇ. ಕುಗ್ಗಿದ್ದು ಮಾತ್ರ ಕೆಸರಲ್ಲ, ಆರುತ್ತ ಬಂದ ಲಾವಾರಸ. ಬಿರುಕುಗಳು ಹೊರಮೈಯಿಂದ ಒಳಕ್ಕಿಳಿದಂತೆ ಕಂಬಗಳಾದವು. ಇದು ಸುಮಾರು 8.8 ಕೋಟಿ ವರ್ಷಗಳ ಹಿಂದಿನ ಮಾತು. ಆಗ ಮಡಗಾಸ್ಕರ್ ನಮ್ಮ ಪಡುವಣ ಕರಾವಳಿಗೆ ಅಂಟಿಕೊಂಡಿತ್ತು. ಅದು ಬೇರ್ಪಡುವ ಹೊತ್ತಿಗೆ ಉಕ್ಕಿದ ರಸ ಇದು ಎನ್ನುತ್ತಾರೆ ಭೂವಿಜ್ಞಾನಿಗಳು. ಅದೇ ವಯಸ್ಸಿನ ಲಾವಾಶಿಲೆ ಅಲ್ಲಿಯೂ ಇದೆ.

ಸವಣೂರಿನ ದೊಡ್ಡ ಹುಣಸೆ ಮರಗಳನ್ನು ಕಂಡವರಿಗೆ ಮಡಗಾಸ್ಕರ್ ತೀರ ಪರಕೀಯವಲ್ಲ. ಆ ಕುಲದ ಎಂಟು ಜಾತಿಗಳಲ್ಲಿ ಆರು ಅಲ್ಲಿನವೇ. (ಸವಣೂರಿನದು ಆಫ್ರಿಕದ ಜಾತಿ. ಭೂಮಿ ಒಡೆದಾಗ ಬಂದದ್ದಲ್ಲ, ಎಷ್ಟೋ ಈಚೆಗೆ ಮನುಷ್ಯರು ತಂದದ್ದು.)

ಸರಕಾರ ಈ ಕಂಬಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಮಕ್ಕಳನ್ನು ಕರೆದೊಯ್ಯುವ ಗುರುಗಳು ಇದನ್ನು ದೋಣಿಯಲ್ಲೇ ಹೇಳಿಬಿಡಬೇಕು. ನೆನಪಿಗೆಂದು ಒಂದು ಚೂರು ಒಡೆದು ತಂದರೆ, ಮೊಳೆಯಿಂದ ಹೆಸರು ಗೀಚಿದರೆ, ಮತ್ತೆ ಎರಕ ಹೊಯ್ಯಲು ಆ ಲಾವಾ ಇನ್ನಿಲ್ಲ. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ. ಡಿಸೆಂಬರ್, ಜನವರಿ ಒಳ್ಳೆಯ ಕಾಲ.