ಮಿತವ್ಯಯದ ಯಂತ್ರವೂ ಮೆಮೊರಿಯ ಪ್ರಶ್ನೆಯೂ

2025ನೆಯ ಇಸವಿ ಅಕ್ಟೋಬರ್ 14ನೆಯ ತಾರೀಖಿನಂದು ಮೈಕ್ರೋಸಾಫ್ಟಿನವರು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲವನ್ನು ಮುಗಿಸಿದರು. ಅಂದಿನಿಂದ ಶಾಲೆ, ಕಚೇರಿ, ಮನೆಗಳಲ್ಲಿ ಹಳೆಯ ಲ್ಯಾಪ್‌ಟಾಪುಗಳನ್ನು ಬದಲಾಯಿಸುವ ಯೋಚನೆಯು ಪ್ರಬಲವಾಗಿದೆ. ಅಂಗಡಿಗೆ ಹೋದವರ ಮುಂದೆ ವ್ಯಾಪಾರಿಯು ಇಡುವುದು ವಿದ್ಯುತ್ತನ್ನು ಮಿತವಾಗಿ ಬಳಸುವ ಹೊಸ ಪ್ರೊಸೆಸರುಗಳ ಯಂತ್ರಗಳನ್ನು. 2020ನೆಯ ನವೆಂಬರಿನಲ್ಲಿ ಆಪಲ್ ಸಂಸ್ಥೆಯ ಎಮ್1 ಹಾಕಿಕೊಟ್ಟ ಈ ದಾರಿಯಲ್ಲಿ 2024ರಲ್ಲಿ ಕ್ವಾಲ್‌ಕಾಮಿನವರ ಸ್ನಾಪ್‌ಡ್ರಾಗನ್ ಎಕ್ಸ್ ಎಲೀಟ್, ಇಂಟೆಲಿನವರ ಲೂನಾರ್ ಲೇಕ್ ಮೊದಲಾದವು ಬಂದುವು. ಬೆಳಗ್ಗೆ ಚಾರ್ಜು ಮಾಡಿದ ಯಂತ್ರವು ಸಾಯಂಕಾಲದವರೆಗೆ ದುಡಿಯುವುದೂ, ಬಿಸಿಯೂ ಸದ್ದೂ ಕಡಿಮೆಯಾದುದೂ ನಿಜವೇ. ವಿದ್ಯುತ್ತು ಹೇಳದೆ ಕೇಳದೆ ಹೋಗುವ ಊರುಗಳಲ್ಲಿ ಓದುವ ವಿದ್ಯಾರ್ಥಿಗೆ ಇದು ಅಲ್ಪವಾದ ಉಪಕಾರವಲ್ಲ. ಆದರೆ ಈ ಉಪಕಾರಕ್ಕೆ ತೆರುವ ಬೆಲೆಯು ಯಾವುದೆಂಬುದನ್ನು ಕೊಳ್ಳುವವರು ವಿಚಾರಿಸಿ ನೋಡತಕ್ಕದ್ದು.

ಈ ಪ್ರೊಸೆಸರುಗಳು ವಿದ್ಯುತ್ತನ್ನು ಉಳಿಸುವ ಕ್ರಮಗಳಲ್ಲಿ ಎರಡು ಮುಖ್ಯವಾದುವು. ಮೊದಲನೆಯದು ವೇಗಕ್ಕೆ ಸಂಬಂಧಿಸಿದುದು. ಲೂನಾರ್ ಲೇಕಿನಲ್ಲಿ 8 ಕೋರುಗಳಿವೆ. ಒಂದು ಕೋರು ಒಮ್ಮೆಗೆ ಎರಡು ಕೆಲಸಗಳನ್ನು ಹಿಡಿಯುವ ಹೈಪರ್‌ಥ್ರೆಡಿಂಗ್ ಎಂಬ ಏರ್ಪಾಡನ್ನು ಅದರಲ್ಲಿ ಕೈಬಿಟ್ಟಿದ್ದಾರೆ. ಅದಕ್ಕೆ ಹಿಂದಿನ ಪೀಳಿಗೆಯ ಕೋರ್ ಅಲ್ಟ್ರಾ 7 155ಎಚ್ ಎಂಬುದರಲ್ಲಿ 16 ಕೋರುಗಳಿದ್ದು ಅದು ಒಮ್ಮೆಗೆ 22 ಕೆಲಸಗಳನ್ನು ಹಿಡಿಯಬಲ್ಲುದಾಗಿತ್ತು. ಆದುದರಿಂದ ದೊಡ್ಡ ವಿಡಿಯೋಗಳನ್ನು ಸಂಕಲನ ಮಾಡುವವರಿಗೂ ಭಾರಿಯಾದ ಪ್ರೋಗ್ರಾಮುಗಳನ್ನು ಕಟ್ಟುವವರಿಗೂ ಹೊಸದು ಹಳೆಯದಕ್ಕಿಂತ ನಿಧಾನವಾಗಿ ತೋರಬಹುದು. ಆದರೆ ಪತ್ರ ಬರೆಯುವುದು, ಲೆಕ್ಕವಿಡುವುದು, ಪಾಠ ಕೇಳುವುದು ಮುಂತಾದ ನಿತ್ಯದ ಕೆಲಸಗಳಲ್ಲಿ ಕೊರತೆಯು ಕಾಣುವುದಿಲ್ಲ. ಬಹುಜನರ ಪಾಲಿಗೆ ಈ ತ್ಯಾಗವು ಸಾಧುವಾದುದೆಂದೇ ನಮ್ಮ ಮತ.

ಎರಡನೆಯದು ಮೆಮೊರಿಗೆ ಸಂಬಂಧಿಸಿದುದು. ಅಂಕಿಗಳನ್ನು ಕೂಡಿ ಕಳೆಯುವುದಕ್ಕಿಂತ ಅವುಗಳನ್ನು ಮೆಮೊರಿಯಿಂದ ಪ್ರೊಸೆಸರಿಗೆ ಸಾಗಿಸುವುದಕ್ಕೇ ಹೆಚ್ಚು ಶಕ್ತಿ ವ್ಯಯವಾಗುತ್ತದೆ. ದಾರಿಯು ಉದ್ದವಾದಷ್ಟೂ ವ್ಯಯವು ಹೆಚ್ಚು. ಹಿಂದಿನ ಲ್ಯಾಪ್‌ಟಾಪುಗಳಲ್ಲಿ ಮೆಮೊರಿಯ ಪಟ್ಟಿಯನ್ನು ಸಿಕ್ಕಿಸುವ ಸ್ಲಾಟು ಇರುತ್ತಿತ್ತು. ಸಾಲದೆ ಬಂದಾಗ ಬೇಕಾದವರು ಇನ್ನೊಂದು ಪಟ್ಟಿಯನ್ನು ತಂದು ಹಾಕಿಸಿಕೊಳ್ಳುತ್ತಿದ್ದರು. ಈಗ ಎಲ್.ಪಿ.ಡಿ.ಡಿ.ಆರ್. ಎಂಬ ಮಿತವ್ಯಯದ ಮೆಮೊರಿಯನ್ನು ಸಾಮಾನ್ಯವಾಗಿ ಪ್ರೊಸೆಸರಿನ ಸಮೀಪದಲ್ಲಿಯೇ ಬೆಸುಗೆ ಹಾಕಿಬಿಡುತ್ತಾರೆ. ಎಮ್1ರಲ್ಲಿಯೂ ಲೂನಾರ್ ಲೇಕಿನಲ್ಲಿಯೂ ಎರಡೂ ಒಂದೇ ಕಟ್ಟಿನೊಳಗಿವೆ. ಇದರಿಂದ ಮೆಮೊರಿಯೊಡನೆ ವ್ಯವಹರಿಸುವ ಭಾಗದ ವಿದ್ಯುತ್ ವೆಚ್ಚವು ನೂರಕ್ಕೆ 40ರವರೆಗೆ ಇಳಿಯುವುದೆಂದು ಇಂಟೆಲಿನವರು ಹೇಳಿದ್ದಾರೆ. ಲಾಭವು ದೊಡ್ಡದು, ಆದರೆ ಲೂನಾರ್ ಲೇಕನ್ನು ಕೊಳ್ಳುವವನಿಗೆ 16 ಅಥವಾ 32 ಗಿಗಾಬೈಟು, ಈ ಎರಡೇ ದಾರಿಗಳು. ಕೊಂಡ ದಿನ ಎಷ್ಟಿತ್ತೋ ಯಂತ್ರವು ಮೂಲೆ ಸೇರುವ ದಿನವೂ ಅಷ್ಟೇ.

ವೇಗದ ಕೊರತೆಗೂ ಮೆಮೊರಿಯ ಕೊರತೆಗೂ ಇರುವ ಅಂತರವನ್ನು ನಮ್ಮ ವಾಚಕರು ಗಮನಿಸಬೇಕು. ಪ್ರೊಸೆಸರು ನಿಧಾನವಾದರೆ ಕೆಲಸಕ್ಕೆ ಕೆಲವು ನಿಮಿಷಗಳು ಹೆಚ್ಚು ಹಿಡಿದಾವು. ಮೆಮೊರಿಯು ತುಂಬಿತೆಂದರೆ ಯಂತ್ರವು ಉಳಿದುದನ್ನು ಎಸ್.ಎಸ್.ಡಿ.ಯಲ್ಲಿ ಇಟ್ಟು ತೆಗೆಯತೊಡಗುತ್ತದೆ. ಅಲ್ಲಿಂದ ತರಲು ಹಿಡಿಯುವ ಕಾಲವು ನೂರಾರು ಪಟ್ಟು ಹೆಚ್ಚು. ಆಗ ಎಂತಹ ಶೀಘ್ರಗಾಮಿಯಾದ ಪ್ರೊಸೆಸರೂ ಸುಮ್ಮನೆ ಕಾದು ಕುಳಿತಿರಬೇಕಾಗುತ್ತದೆ. ಇದಲ್ಲದೆ ಈ ಯಂತ್ರಗಳಲ್ಲಿ ಚಿತ್ರ ಮೂಡಿಸುವ ಭಾಗವೂ ಅದೇ ಮೆಮೊರಿಯಲ್ಲಿ ಪಾಲು ತೆಗೆದುಕೊಳ್ಳುತ್ತದೆ. ಎಂಟುನೂರು ಕೋಟಿ ಅಂಶಗಳ ಕೃತಕ ಬುದ್ಧಿಯ ಮಾದರಿಯೊಂದನ್ನು ಯಂತ್ರದಲ್ಲಿಯೇ ನಡೆಸುವುದಾದರೆ, ಅದನ್ನು ಬಹಳವಾಗಿ ಕುಗ್ಗಿಸಿದರೂ ನಾಲ್ಕೈದು ಗಿಗಾಬೈಟುಗಳು ಅದಕ್ಕೇ ಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಗಾದೆ. ಇಲ್ಲಿ ಹಾಸಿಗೆಯನ್ನು ಹಿಗ್ಗಿಸುವಂತಿಲ್ಲ, ಕಾಲೋ ವರ್ಷ ವರ್ಷಕ್ಕೂ ಬೆಳೆಯುತ್ತಿದೆ.

ಇದು ಬರಿಯ ಊಹೆಯಲ್ಲ. ಎಮ್1ರ ಲ್ಯಾಪ್‌ಟಾಪುಗಳು 8 ಗಿಗಾಬೈಟಿನಿಂದ ಮೊದಲಾಗುತ್ತಿದ್ದುವು. 2024ನೆಯ ಮೇ ತಿಂಗಳಿನಲ್ಲಿ ಮೈಕ್ರೋಸಾಫ್ಟಿನವರು ತಮ್ಮ ಕೋಪೈಲಟ್ ಪ್ಲಸ್ ಯಂತ್ರಗಳಿಗೆ 16 ಗಿಗಾಬೈಟು ಇರಲೇಬೇಕೆಂದು ವಿಧಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಆಪಲಿನವರೂ ಮ್ಯಾಕ್‌ಬುಕ್ ಏರಿನ ಆರಂಭದ ಪ್ರಮಾಣವನ್ನು 8ರಿಂದ 16ಕ್ಕೆ ಏರಿಸಿದರು. ಅದಕ್ಕೆ ಮುಂಚೆ 8ನ್ನು ಕೊಂಡವರ ಪ್ರೊಸೆಸರು ಇಂದಿಗೂ ಸಮರ್ಥವಾಗಿರಬಹುದು. ಆದರೆ ಅವರ ಕೊರತೆಗೆ ಹೊಸ ಯಂತ್ರವನ್ನು ಕೊಳ್ಳುವುದಲ್ಲದೆ ಬೇರೆ ಪರಿಹಾರವಿಲ್ಲ.

ಮೆಮೊರಿಯನ್ನು ಹೆಚ್ಚಿಸಿಕೊಳ್ಳುವವರು ಸ್ವಲ್ಪವೇ ಜನರು, ಅವರಿಗಾಗಿ ಎಲ್ಲರೂ ಬ್ಯಾಟರಿಯನ್ನು ಏಕೆ ಕಳೆದುಕೊಳ್ಳಬೇಕು ಎಂದು ತಯಾರಕರ ಪಕ್ಷದವರು ವಾದಿಸುತ್ತಾರೆ. ಶ್ರೀಮಂತ ದೇಶಗಳಲ್ಲಿ ಈ ವಾದವು ಸಲ್ಲಬಹುದು. ಅಣ್ಣನ ಯಂತ್ರವು ತಮ್ಮನಿಗೆ, ತಮ್ಮನದು ನೆರೆಮನೆಯ ಹುಡುಗನಿಗೆ ಹೋಗುವ ನಮ್ಮ ದೇಶದಲ್ಲಿ ಸಲ್ಲದು. ಮೇಲಾಗಿ ಇದು ಬದಲಾಯಿಸಲಾಗದ ನಿಯಮವೂ ಅಲ್ಲ. ಮಿತವ್ಯಯದ ಮೆಮೊರಿಯನ್ನೇ ತಿರುಪು ಬಿಚ್ಚಿ ಬದಲಾಯಿಸುವಂತೆ ಮಾಡಿದ ಎಲ್.ಪಿ.ಕ್ಯಾಮ್2 ಎಂಬ ಮಾದರಿಯನ್ನು ಲೆನೊವೊ ಕಂಪನಿಯು 2024ರಲ್ಲಿಯೇ ಥಿಂಕ್‌ಪ್ಯಾಡ್ ಪಿ1ರಲ್ಲಿ ಅಳವಡಿಸಿತು. ಮೆಮೊರಿಯನ್ನು ಪ್ರೊಸೆಸರಿನ ಕಟ್ಟಿನಲ್ಲಿಯೇ ಸೇರಿಸುವ ಪದ್ಧತಿಯು ಲೂನಾರ್ ಲೇಕಿಗೆ ಮಾತ್ರವೆಂದು ಇಂಟೆಲಿನ ಅಂದಿನ ಮುಖ್ಯಾಧಿಕಾರಿ ಪ್ಯಾಟ್ ಗೆಲ್ಸಿಂಗರ್ ಅವರು ಅದೇ ವರ್ಷದ ಅಕ್ಟೋಬರಿನಲ್ಲಿ ಹೇಳಿದರು. ಲಾಭಾಂಶವು ಕುಗ್ಗುವುದೇ ಅದಕ್ಕೆ ಮುಖ್ಯ ಕಾರಣವಾಗಿತ್ತು. ಲಾಭಕ್ಕಾಗಿ ಬದಲಾಗಬಲ್ಲ ವಿನ್ಯಾಸವು ಗ್ರಾಹಕನ ಹಿತಕ್ಕಾಗಿಯೂ ಏಕೆ ಬದಲಾಗಬಾರದು? ಈ ಮೂರು ಕಂಪನಿಗಳಿಗೂ ಬೆಂಗಳೂರಿನಲ್ಲಿ ಎಂಜಿನಿಯರುಗಳ ದೊಡ್ಡ ಕೇಂದ್ರಗಳಿವೆ. ಆ ಮಾತನ್ನು ಅಲ್ಲಿಂದಲೂ ಎತ್ತಬಹುದು.

ಈ ಎಚ್ಚರಿಕೆಯು ಈಗ ವಿಶೇಷವಾಗಿ ಅವಶ್ಯವಾಗಿದೆ. ಕೃತಕ ಬುದ್ಧಿಯ ಮಹಾಕೇಂದ್ರಗಳ ಬೇಡಿಕೆಯಿಂದ 2025ರ ಉತ್ತರಾರ್ಧದಲ್ಲಿ ಮೆಮೊರಿಯ ಬೆಲೆಯು ತೀವ್ರವಾಗಿ ಏರಿತು. ಆ ಡಿಸೆಂಬರಿನಲ್ಲಿ ಮೈಕ್ರಾನ್ ಸಂಸ್ಥೆಯು ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ ಕ್ರೂಷಿಯಲ್ ಸರಕಿನ ವ್ಯಾಪಾರದಿಂದ ಹಿಂದೆಗೆಯುವುದಾಗಿ ಸಾರಿತು. ಇಂತಹ ಕಾಲದಲ್ಲಿ ಮೆಮೊರಿಯನ್ನು ಕಡಿತಮಾಡಿ, ಪ್ರೊಸೆಸರಿನ ಹೆಸರನ್ನು ದೊಡ್ಡದಾಗಿ ಬರೆದು ಮಾರುವ ಆಸೆಯು ವರ್ತಕರಿಗೆ ಸಹಜವಾಗಿ ಹುಟ್ಟುತ್ತದೆ.

ಆದುದರಿಂದ ನಮ್ಮ ಸಲಹೆಯು ಇಷ್ಟೇ. ಕೊಳ್ಳುವವರು ಪ್ರೊಸೆಸರಿನ ಒಂದು ಮೆಟ್ಟಿಲು ಕೆಳಗಿಳಿದಾದರೂ ಮೆಮೊರಿಯ ಒಂದು ಮೆಟ್ಟಿಲು ಮೇಲೇರಲಿ. ಬೆಸುಗೆ ಹಾಕಿದ ಯಂತ್ರದಲ್ಲಿ 16 ಗಿಗಾಬೈಟಿಗೆ ಕಡಿಮೆಯಾದುದನ್ನು ಮುಟ್ಟದಿರಲಿ. ಸಾರ್ವಜನಿಕರ ಹಣದಿಂದ ವಿದ್ಯಾರ್ಥಿಗಳಿಗೆ ಯಂತ್ರಗಳನ್ನು ಕೊಳ್ಳುವ ಇಲಾಖೆಗಳು ಟೆಂಡರಿನಲ್ಲಿಯೇ ಈ ಪ್ರಮಾಣವನ್ನು ಕಡ್ಡಾಯ ಮಾಡಲಿ; ಬದಲಾಯಿಸಬಲ್ಲ ಮೆಮೊರಿಯುಳ್ಳವುಗಳಿಗೆ ಪ್ರಾಶಸ್ತ್ಯವನ್ನು ಕೊಡಲಿ. ದುರಸ್ತಿಯ ಹಕ್ಕನ್ನು ಕುರಿತು 2022ರಲ್ಲಿ ಸಮಿತಿಯೊಂದನ್ನು ನೇಮಿಸಿದ ಭಾರತ ಸರಕಾರವು, ಫ್ರಿಜ್ಜಿನ ಮೇಲೆ ವಿದ್ಯುತ್ ಉಳಿತಾಯದ ನಕ್ಷತ್ರಗಳನ್ನು ಮುದ್ರಿಸುವಂತೆಯೇ, ಪ್ರತಿಯೊಂದು ಲ್ಯಾಪ್‌ಟಾಪಿನ ಪೆಟ್ಟಿಗೆಯ ಮೇಲೂ ಮೆಮೊರಿಯನ್ನು ಹೆಚ್ಚಿಸಬಹುದೇ ಇಲ್ಲವೇ ಎಂಬುದನ್ನು ದಪ್ಪಕ್ಷರಗಳಲ್ಲಿ ಮುದ್ರಿಸಬೇಕೆಂದು ವಿಧಿಸಲಿ. ದಿನಕ್ಕೆ ನಾಲ್ಕು ಗಂಟೆಯ ವಿದ್ಯುತ್ತನ್ನು ಉಳಿಸಿ ನಾಲ್ಕು ವರ್ಷಗಳ ಆಯುಷ್ಯವನ್ನು ಕಳೆದುಕೊಳ್ಳುವ ಯಂತ್ರವನ್ನು ಮಿತವ್ಯಯದ ಯಂತ್ರವೆಂದು ನಮ್ಮ ಬಡ ದೇಶವು ಒಪ್ಪಿಕೊಳ್ಳಲಾಗದು.