‘ರೆಸ್ಟ್ ತಗೋ’ ಅನ್ನುವವರಿಗೆ

ಕೀಮೋ ಮುಗಿಸಿ ಹಾಸ್ಟೆಲಿಗೆ ವಾಪಸ್ಸಾದಾಗ ನನ್ನ ತೂಕ 54 ಕೆ.ಜಿ. ಕಾಯಿಲೆಗೆ ಮುಂಚಿಗಿಂತ ಎರಡು ಕೆ.ಜಿ. ಹೆಚ್ಚು. ಅಮ್ಮನಿಗೆ ಯುದ್ಧ ಗೆದ್ದಷ್ಟು ಸಂತೋಷ. ಆದರೆ ಮಾರನೇ ಬೆಳಿಗ್ಗೆ ಕೆಳಗಿನ ಸೋಲಾರ್ ನಲ್ಲಿಯಿಂದ ಅರ್ಧ ಬಕೆಟ್ ಬಿಸಿನೀರನ್ನು ಎರಡನೇ ಮಹಡಿಗೆ ಒಯ್ಯಲು ನನ್ನಿಂದಾಗಲಿಲ್ಲ. ಮೆಟ್ಟಿಲ ತಿರುವಿನಲ್ಲಿ ಬಕೆಟ್ ಇಟ್ಟು ಕೂತೆ. ಕೂತವಳಿಗೆ ಗೋಡೆ ಹಿಡಿಯದೆ ಏಳಲೂ ಆಗಲಿಲ್ಲ. ಗಂಜಿ, ತುಪ್ಪ, ಎಳನೀರು ಸೇರಿ ತೂಕವನ್ನೇನೋ ಮರಳಿಸಿದ್ದವು, ಹೋದ ಸ್ನಾಯುವನ್ನಲ್ಲ.

ನನಗಾಗಿದ್ದದ್ದು ಹಾಡ್ಜ್‌ಕಿನ್ ಲಿಂಫೋಮಾ. ಆರು ಸೈಕಲ್, ಹನ್ನೆರಡು ಡ್ರಿಪ್. ಅಷ್ಟೂ ತಿಂಗಳು, ಆಮೇಲೂ, ನಾನು ಅತಿ ಹೆಚ್ಚು ಕೇಳಿದ ಮಾತು ‘ರೆಸ್ಟ್ ತಗೋ’. ಆಸ್ಪತ್ರೆ ಕೊಟ್ಟ ಕೊನೆಯ ಚೀಟಿಯಲ್ಲಿ ಮಾತ್ರೆ, ಸ್ಕ್ಯಾನಿನ ತಾರೀಖು, ಏನು ತಿನ್ನಬಾರದೆಂಬ ಪಟ್ಟಿ ಎಲ್ಲವೂ ಇತ್ತು. ಕೈಕಾಲಿನ ಬಲದ ಬಗ್ಗೆ ಒಂದು ಸಾಲಿರಲಿಲ್ಲ. ಕೀಮೋ ನಡೆಯುವಾಗ ವಿಶ್ರಾಂತಿ ಬೇಡವೆಂದು ಯಾರೂ ಹೇಳುತ್ತಿಲ್ಲ. ಆದರೆ ಮುಗಿದ ಮೇಲೂ ಅದನ್ನೇ ಔಷಧಿಯೆಂದು ಕೊಡುತ್ತಾ ಹೋಗುವುದಿದೆಯಲ್ಲ, ಅದರ ಮೇಲೆ ನನ್ನ ಜಗಳ. ಬಳಸದ ಸ್ನಾಯು ಕರಗುತ್ತದೆ. ಕರಗಿದ್ದು ಮಲಗಿದರೆ ಬರುವುದಿಲ್ಲ.

ಸ್ತನ ಕ್ಯಾನ್ಸರ್ ಆದವರಿಗೆ ‘ಆ ಕೈಯಲ್ಲಿ ಭಾರ ಎತ್ತಬೇಡಿ, ಬಾವು ಹೆಚ್ಚುತ್ತದೆ’ ಎಂದು ಬಹುಕಾಲ ಹೇಳುತ್ತಿದ್ದರು. ಅಮೆರಿಕದ ಕ್ಯಾಥರಿನ್ ಶ್ಮಿಟ್ಜ್ ಮತ್ತು ಸಂಗಡಿಗರು ಕೈಬಾವು ಇದ್ದ 141 ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ, ತಿಳಿದವರ ಕಣ್ಗಾವಲಿನಲ್ಲಿ, ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತಾ, ವಾರಕ್ಕೆರಡು ಸಲ ಭಾರ ಎತ್ತಿಸಿದರು. 2009ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಬಾವು ಹೆಚ್ಚಿರಲಿಲ್ಲ. ಅದು ಕೆರಳಿದ ಪ್ರಸಂಗಗಳು ಎತ್ತಿದವರಲ್ಲೇ ಕಡಿಮೆಯಿದ್ದವು! ಅದಕ್ಕೂ ಮೊದಲು, 1990ರಲ್ಲಿ, ಬಾಸ್ಟನ್ನಿನ ವೃದ್ಧಾಶ್ರಮವೊಂದರ ತೊಂಬತ್ತರ ಆಸುಪಾಸಿನ ಹತ್ತು ಜನ ಎಂಟು ವಾರ ಕಾಲಿನಲ್ಲಿ ಭಾರ ಎತ್ತಿದ ವರದಿ ಬಂದಿತ್ತು. ಕೊನೆಯವರೆಗೆ ಉಳಿದ ಒಂಬತ್ತು ಮಂದಿಯ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತ್ತು. ನನಗೆ ಇಪ್ಪತ್ತೆಂಟು. ನನಗೆ ಹೇಳಿದ್ದು ಮಲಗು ಎಂದು.

ಹೆಣ್ಣಾದರೆ ಇನ್ನೊಂದು ಪದರ. ‘ಭಾರ ಎತ್ಬೇಡ ಕಣೇ, ಗರ್ಭಕೋಶ ಜಾರುತ್ತೆ’ ಅಂದ ಸೋದರತ್ತೆ ನಲವತ್ತು ವರ್ಷ ಸೊಂಟದ ಮೇಲೊಂದು, ತಲೆಯ ಮೇಲೊಂದು ಬಿಂದಿಗೆ ಹೊತ್ತವರು. ಅದನ್ನು ಅವರು ಭಾರವೆಂದು ಲೆಕ್ಕಕ್ಕೇ ಹಿಡಿದಿಲ್ಲ. ನಮ್ಮ ವಿಶ್ವವಿದ್ಯಾಲಯದ ಜಿಮ್ಮಿನಲ್ಲಿ ಹುಡುಗಿಯರಿಗೆ ಮಧ್ಯಾಹ್ನ ಮೂರರಿಂದ ನಾಲ್ಕು, ಅಂದರೆ ಎಲ್ಲರೂ ತರಗತಿಯಲ್ಲಿರುವ ಹೊತ್ತು.

ಇನ್ನು ನಮ್ಮವರು, ಅಂದರೆ ಓದುವ ಬರೆಯುವ ಜನ. ರೋಗಿಯೆಂದರೆ ನಮಗೆ ಕಿಟಕಿಯ ಪಕ್ಕ ಮಲಗಿ ಆಚೆಯ ಮರ ನೋಡುತ್ತಾ ಜ್ಞಾನಿಯಾಗುವವಳು. (ಅಂಥ ಕತೆಗಳ ಮೇಲೆ ನಾನೇ ಎರಡು ಸೆಮಿನಾರ್ ಪ್ರಬಂಧ ಓದಿದ್ದೇನೆ, ಸರ್ಟಿಫಿಕೇಟೂ ಇದೆ.) ಡಂಬೆಲ್ ಹಿಡಿದೆ ಎಂದಾಗ ಗೆಳೆಯನೊಬ್ಬ ‘ನೀನೂ ಸಿಕ್ಸ್ ಪ್ಯಾಕ್ ರಾಜಕಾರಣಕ್ಕೆ ಬಿದ್ದೆಯಾ?’ ಎಂದು ನಕ್ಕ. ದೇಹದ ಬಗ್ಗೆ ನಾಲ್ಕು ಗಂಟೆ ಥಿಯರಿ ಮಾತಾಡಬಲ್ಲವನು. ಅರ್ಧ ಬಕೆಟ್ ನೀರಿಗೆ ಪಕ್ಕದ ರೂಮಿನ ಜೂನಿಯರನ್ನು ದಿನಾ ಕರೆಯುವುದು ಹೇಗಿರುತ್ತದೆಂದು ಅವನಿಗೆ ಗೊತ್ತಿಲ್ಲ.

ನಾಳೆಯೇ ಹೋಗಿ ಬಾರ್‌ಬೆಲ್ ಎತ್ತಿ ಎನ್ನುತ್ತಿಲ್ಲ. ನನ್ನ ಡ್ರಿಪ್ಪಿನಲ್ಲಿದ್ದ ಒಂದು ಔಷಧಿ ಹೃದಯಕ್ಕೆ, ಇನ್ನೊಂದು ಶ್ವಾಸಕೋಶಕ್ಕೆ ಹಾನಿ ಮಾಡಬಲ್ಲದು. ಎಕೋ, ಉಸಿರಿನ ಪರೀಕ್ಷೆ ಮಾಡಿಸಿ, ವೈದ್ಯರನ್ನು ಕೇಳಿಯೇ ಶುರು ಮಾಡಿದ್ದು. ಫಿಸಿಯೋಥೆರಪಿಸ್ಟ್ ಮೊದಲ ವಾರ ಮಾಡಿಸಿದ್ದು ಇಷ್ಟೇ: ಕೈ ಊರದೆ ಕುರ್ಚಿಯಿಂದ ಏಳು, ಕೂರು, ಹತ್ತು ಸಲ. ಆರನೆಯದಕ್ಕೆ ತೊಡೆ ನಡುಗಿ ಅಳು ಬಂತು. ಆಮೇಲೆ ನೀರಿನ ಬಾಟಲಿ, ಆಮೇಲೆ ಐದು ಕೆ.ಜಿ. ಅಕ್ಕಿ ಚೀಲ. ಆದರೆ ಆ ಫಿಸಿಯೋ ನನಗೆ ಸಿಕ್ಕಿದ್ದು ಗೆಳತಿಯ ಅಕ್ಕನೆಂಬ ಕಾರಣಕ್ಕೆ, ಆಸ್ಪತ್ರೆ ಕಳಿಸಿದ್ದರಿಂದಲ್ಲ. ಅಂಥ ಗೆಳತಿ ಇಲ್ಲದವರು ನನ್ನ ಪಕ್ಕದ ಕುರ್ಚಿಗಳಲ್ಲೇ ಡ್ರಿಪ್ ಹಾಕಿಸಿಕೊಂಡು ಊರಿಗೆ ಹೋದರು, ಅದೇ ಚೀಟಿ ಹಿಡಿದು.

ಮುಂದಿನ ತಿಂಗಳು ಚೆಕಪ್ಪಿದೆ. ಚೀಟಿಯಲ್ಲಿ ಆ ಒಂದು ಸಾಲು ಬರೆದುಕೊಡಿ ಎಂದು ಕೇಳಲಿದ್ದೇನೆ, ನನಗಲ್ಲ, ನನ್ನ ಹಿಂದೆ ಟೋಕನ್ ಹಿಡಿದು ಕೂತವರಿಗೆ. ಬಕೆಟ್ ಈಗ ಮುಕ್ಕಾಲು ತುಂಬಿಸಿ ಒಯ್ಯುತ್ತೇನೆ, ತಿರುವಿನಲ್ಲಿ ಒಂದು ಸಲ ಇಳಿಸಿ.